ಯಾರ ಕಡೆಯದು

ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಮಾರುದ್ದ ಇತ್ತು. ಅದು ಬೋರ್ಡಿನ ಮೇಲೆಯೇ ಉಳಿಯಿತು. ಜನ ಕರೆದದ್ದು ‘ಯಾರ ಕಡೀದು ಮಷೀನು’ ಅಂತ. ಮಗುವಿಗೆ ಒಂದು ವರ್ಣತಂತು ಹೆಚ್ಚಾಗಿ ಬಂದಿದ್ದರೆ, ಆ ತಪ್ಪು ತಾಯಿಯ ಕಡೆಯಿಂದ ಆಯಿತೋ ತಂದೆಯ ಕಡೆಯಿಂದಲೋ, ಯಾವ ಹೊತ್ತಿನಲ್ಲಿ ಆಯಿತು ಎನ್ನುವುದನ್ನೆಲ್ಲ ಅದು ಚಿತ್ರವಾಗಿ ಬಿಡಿಸಿ ಮುಂದಿಡುತ್ತಿತ್ತು. ಅದಕ್ಕೆ ಹತ್ತೊಂಬತ್ತು ನಿಮಿಷ ಸಾಕಾಗುತ್ತಿತ್ತು. ಆಮೇಲಿನ ವರ್ಷಗಳನ್ನು ಯಾರು ಅನುಭವಿಸಬೇಕು ಎನ್ನುವುದು ಯಂತ್ರದ ತಲೆನೋವಾಗಿರಲಿಲ್ಲ.

ತಲೆನೋವೆಲ್ಲ ಶೈಲಜಾ ಹೊಂಬಳಳದು. ಗದಗಿನ ಮೂಲಶೋಧ ಕೇಂದ್ರದಲ್ಲಿ ಆ ಚಿತ್ರಗಳನ್ನು ಓದಿ ತೀರ್ಪು ಬರೆಯುವ ಇಬ್ಬರಲ್ಲಿ ಅವಳು ಒಬ್ಬಳು. ಐವತ್ತಾರು ವರ್ಷ ವಯಸ್ಸು, ಸೊಂಟಕ್ಕೆ ಪಟ್ಟಿ, ಕಣ್ಣಿಗೆ ದಪ್ಪ ಕನ್ನಡಕ. ಈ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತಿದ್ದಾಳೆ. ಅದಕ್ಕೂ ಮೊದಲು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ವರ್ಣತಂತು ಎಣಿಸುತ್ತ ಇಪ್ಪತ್ತೆರಡು ವರ್ಷ ಸವೆಸಿದ್ದಳು.

ವಿಷಯ ಹೇಳಿದರೆ ಇಷ್ಟೇ. ನಮ್ಮ ಒಂದೊಂದು ಜೀವಕೋಶದಲ್ಲೂ ನಲವತ್ತಾರು ವರ್ಣತಂತುಗಳು, ಅಂದರೆ ಇಪ್ಪತ್ಮೂರು ಜೋಡಿ. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಕೋಶ ಒಡೆದು, ಜೋಡಿ ಬೇರೆಯಾಗಿ, ಒಂದು ಅತ್ತ ಒಂದು ಇತ್ತ ಹೋಗಬೇಕು. ಒಮ್ಮೊಮ್ಮೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. ಇಪ್ಪತ್ತೊಂದನೆಯ ಜೋಡಿ ಹೀಗೆ ಮಾಡಿತು ಅಂದರೆ ಹುಟ್ಟುವ ಮಗುವಿಗೆ ಎರಡರ ಜಾಗದಲ್ಲಿ ಮೂರು. ಅದನ್ನೇ ಡಾಕ್ಟರು ಡೌನ್ ಸಿಂಡ್ರೋಮ್ ಅನ್ನುತ್ತಾರೆ. ಕೋಟಿಗಟ್ಟಲೆ ಕೋಶ ಒಡೆಯುವಾಗ ಎಲ್ಲೋ ಒಂದು ಕಡೆ ತಪ್ಪುವುದು ಇದ್ದದ್ದೇ. ಮೊದಲೆಲ್ಲ ಡಾಕ್ಟರು ‘ಇದು ಯಾರ ತಪ್ಪೂ ಅಲ್ಲ’ ಎಂದು ಹೇಳಿ ಕಳಿಸುತ್ತಿದ್ದರು, ಆ ಒಂದು ಮಾತು ಎಷ್ಟೋ ಸಂಸಾರಗಳನ್ನು ಕಾಪಾಡಿತ್ತು. ಯಂತ್ರ ಬಂದದ್ದು ಸಂಶೋಧನೆಗೆಂದು. ಆದರೆ ‘ಯಾರ ಕಡೀದು’ ಅಂತ ತಿಳಿಯುತ್ತದೆ ಎಂದು ಗೊತ್ತಾದ ಮೇಲೆ ಜನ ಸುಮ್ಮನೆ ಬಿಡುತ್ತಾರೆಯೇ? ಬೀಗರು ಬೀಗರ ಮೇಲೆ ಕೇಸು ಹಾಕಿದರು, ವಕೀಲರು ಪತ್ರ ಕೇಳಿದರು, ಮಗು ಆರೋಗ್ಯವಾಗಿದ್ದರೂ ಮುಂದಿನದಕ್ಕಿರಲಿ ಎಂದು ರಕ್ತ ಕೊಟ್ಟು ಹೋಗುವವರೂ ಹುಟ್ಟಿಕೊಂಡರು. ಹತ್ತರಲ್ಲಿ ಒಂಬತ್ತು ಪತ್ರ ‘ತಾಯಿ’ ಎಂದೇ ಬರುತ್ತಿದ್ದವು, ಯಾಕೆಂದರೆ ಈ ತಪ್ಪು ಹೆಚ್ಚಾಗಿ ಆಗುವುದೇ ಅಂಡಾಣುವಿನಲ್ಲಿ. ಅದು ಪ್ರಕೃತಿಯ ಲೆಕ್ಕ. ಅತ್ತೆಯರಿಗೆ ಅದು ತಮ್ಮ ಮಾತಿಗೆ ಸಿಕ್ಕ ಸಾಕ್ಷಿಯಾಗಿ ಕಂಡಿತು.

ಯಂತ್ರ ತೀರ್ಪು ಕೊಡುವಂತಿಲ್ಲ, ಚಿತ್ರವಷ್ಟೇ ಕೊಡಬೇಕು, ಓದಿ ಬರೆಯುವವರು ಮನುಷ್ಯರಾಗಿರಬೇಕು ಎಂದು ಕೋರ್ಟು ಹೇಳಿತ್ತು. ಹಾಗಾಗಿ ಎರಡು ಕೋಣೆ, ಇಬ್ಬರು ಓದುವವರು. ಪಕ್ಕದ ಕೋಣೆಯಲ್ಲಿ ಫಕ್ಕೀರೇಶ ಮುಳಗುಂದ, ಅವನಿಗೆ ಐವತ್ತೆಂಟು. ಇಬ್ಬರ ಮುಂದೆಯೂ ಎರಡೇ ಚೌಕ, ‘ತಾಯಿ’, ‘ತಂದೆ’. ಇಬ್ಬರೂ ಒಂದನ್ನೇ ಒತ್ತಿದರೆ ಪತ್ರದಲ್ಲಿ ಅದೇ ಅಚ್ಚಾಗುತ್ತದೆ. ಒಬ್ಬರು ಇದು, ಒಬ್ಬರು ಅದು ಎಂದರೆ ಪತ್ರದಲ್ಲಿ ‘ತಿಳಿಯದು’ ಎಂದು ಬರುತ್ತದೆ. ಸ್ಯಾಂಪಲ್ ಬಗ್ಗೆ ಇಬ್ಬರೂ ಮಾತಾಡಿಕೊಳ್ಳಬಾರದು ಎಂಬುದು ನಿಯಮ. ಸಂಜೆ ಚಿತ್ರ ಅಳಿಸಿಹೋಗುತ್ತದೆ, ಪತ್ರ ಎರಡೂ ಮನೆಗಳಿಗೆ ಹೊರಡುತ್ತದೆ. ಇತ್ತೀಚೆಗೆ ‘ತಿಳಿಯದು’ ಜಾಸ್ತಿಯಾಗಿದ್ದವು. ಫಕ್ಕೀರೇಶನ ಕಣ್ಣು ಹೋಗುತ್ತಿದೆ ಎಂದು ಶೈಲಜಾ ಅಂದುಕೊಂಡಿದ್ದಳು. ಪಾಪ, ನಿವೃತ್ತಿಗೆ ಎರಡೇ ವರ್ಷ ಉಳಿದಿದೆ, ಹೋಗಲಿ ಎಂದು ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಆ ಯಂತ್ರ ಅವಳ ಮನೆಯ ಬಾಗಿಲಿಗೇ ಬಂದು ನಿಂತಿತ್ತು.

ಮಗಳು ಸಿಂಚನಾ ಕೊಪ್ಪಳದಿಂದ ತೌರಿಗೆ ಬಂದು ಮೂರು ತಿಂಗಳಾಗಿತ್ತು. ಬರುವಾಗ ಹೇಳಿದ್ದು ಹದಿನೈದು ದಿನ. ಜೊತೆಗೆ ಎರಡೂವರೆ ವರ್ಷದ ಇಂಚರಾ. ಆ ಮಗುವಿಗೆ ಇಪ್ಪತ್ತೊಂದನೆಯ ತಂತು ಮೂರು. ಹುಟ್ಟಿದ ಐದನೇ ತಿಂಗಳಿಗೆ ಹೃದಯದ ಆಪರೇಷನ್ನು ಆಗಿತ್ತು, ನಡೆಯಲು ಕಲಿತದ್ದು ಮೊನ್ನೆ ಮೊನ್ನೆ. ಕುಕ್ಕರ್ ಸೀಟಿ ಹೊಡೆದರೆ ಚಪ್ಪಾಳೆ ತಟ್ಟುತ್ತಾಳೆ, ಎರಡನೇ ಸೀಟಿ ಬರುವವರೆಗೆ ಕೈ ಎತ್ತಿಕೊಂಡೇ ಕಾಯುತ್ತಾಳೆ.

ಬಿಟ್ಟು ಹೋಗಲು ಬಂದಿದ್ದವಳು ಸಿಂಚನಾಳ ಅತ್ತೆ ಸುನಂದಾ. ಕೆಟ್ಟ ಹೆಂಗಸೇನಲ್ಲ. ಆಪರೇಷನ್ನಿನ ಹೊತ್ತಿನಲ್ಲಿ ಇಪ್ಪತ್ತು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದವಳು ಅವಳೇ. ಆದರೆ ಊರಲ್ಲಿ ನಾಲ್ಕು ಜನ ಕೇಳುತ್ತಾರಲ್ಲ, ಅವರಿಗೆ ಕೊಡಲು ಅವಳ ಬಳಿ ಉತ್ತರ ಇರಲಿಲ್ಲ.

“ನಾವೇನು ಕೈಬಿಟ್ಟು ಹೊಂಟಿಲ್ರಿ ಬೀಗರ,” ಎಂದಿದ್ದಳು. “ಮೂರೂ ಮಂದೀದು ರಕ್ತ ಕೊಟ್ಟೇವಿ. ಪತ್ರ ಬರ್ಲಿ. ನಮ್ಮ ಕಡೀದು ಅಂದ್ರ ನಾವ ನೋಡ್ಕೋತೀವಿ. ನಿಮ್ಮ ಕಡೀದು ಅಂದ್ರ ಆಕಿ ಇಲ್ಲೇ ಇರ್ಲಿ. ನಮಗೂ ಒಬ್ಬನ ಮಗ, ಮುಂದಿಂದು ನೋಡಬೇಕಲ್ರಿ.”

“ನಾ ಅಲ್ಲೇ ಕೆಲಸ ಮಾಡಾಕಿ ಅದೇನ್ರಿ. ಆ ಪತ್ರದಾಗ ಏನೂ ಇರಂಗಿಲ್ಲ, ನನ್ನ ಮಾತು ನಂಬ್ರಿ.”

“ಏನೂ ಇರಂಗಿಲ್ಲ ಅಂದ್ರ ಸರ್ಕಾರದವ್ರು ಯಾಕ ಕೊಡ್ತಾರ್ರಿ?”

ಹನ್ನೊಂದು ವರ್ಷದಿಂದ ಶೈಲಜಾಳೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಸುನಂದಾ ಹೊರಡುವಾಗ ತುಸು ಅನುಮಾನದಿಂದ, “ನೀವೇನು ಅದರಾಗ ಕೈ ಹಾಕಂಗಿಲ್ಲ ಹೌದಿಲ್ರಿ?” ಎಂದಳು. “ಬರೇ ನಂಬರ ಬರ್ತೈತ್ರಿ, ಹೆಸರು ಬರಂಗಿಲ್ಲ. ನನಗ ಗೊತ್ತೂ ಆಗಂಗಿಲ್ಲ,” ಎಂದಳು ಶೈಲಜಾ. ಹೇಳುವಾಗ ಅದು ನಿಜವೇ ಆಗಿತ್ತು.

ಆ ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪರದೆಯ ಮೇಲೆ ನಾಲ್ಕನೇ ಸ್ಯಾಂಪಲ್ ಬಂತು. ಮೇಲಿನ ಸಾಲಿನಲ್ಲಿ ತಾಯಿಯ ಇಪ್ಪತ್ತೊಂದನೆಯ ಜೋಡಿ, ಅದರ ಕೆಳಗೆ ತಂದೆಯದು, ಅದರ ಕೆಳಗೆ ಮಗುವಿನ ಮೂರು. ಶೈಲಜಾ ತಾಯಿಯ ಸಾಲು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದಳು.

ಪ್ರಯೋಗಾಲಯಗಳಲ್ಲಿ ಒಂದು ಹಳೆಯ ರೂಢಿ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೈ ಕುದುರಿಸಿಕೊಳ್ಳಲು ತಮ್ಮ ರಕ್ತವನ್ನೇ ತೆಗೆದು ತಂತು ಎಣಿಸುತ್ತಾರೆ. ಮೂವತ್ಮೂರು ವರ್ಷದ ಹಿಂದೆ ಶೈಲಜಾ ಹಾಗೆ ಮಾಡಿದ್ದಳು. ಚಿತ್ರ ಚೆನ್ನಾಗಿ ಮೂಡುತ್ತವೆ ಎಂದು ಅವಳ ರಕ್ತವೇ ಪ್ರಯೋಗಾಲಯದ ಮಾದರಿಯಾಗಿ ಉಳಿಯಿತು. ಬೇರೆಯವರದು ಸರಿಯಾಗಿದೆಯೇ ಎಂದು ತಿಳಿಯಲು ಅವಳದರ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಅವಳ ಇಪ್ಪತ್ತೊಂದನೆಯ ಜೋಡಿಯಲ್ಲಿ ಒಂದರ ತುದಿಗೆ ದೊಡ್ಡದೊಂದು ಗುಂಡು ಇದೆ. ಅದರಿಂದ ಕೇಡೇನೂ ಇಲ್ಲ, ಮೈಮೇಲೆ ಮಚ್ಚೆ ಇದ್ದ ಹಾಗೆ. ಆದರೆ ಅಷ್ಟು ದೊಡ್ಡದನ್ನು ಬೇರೆ ಯಾರಲ್ಲೂ ಕಂಡಿರಲಿಲ್ಲ. ಆಗಿನಿಂದಲೂ ಜೊತೆಗೇ ಇದ್ದ ಫಕ್ಕೀರೇಶ ಅದಕ್ಕೆ ‘ಶೈಲಕ್ಕನ ಬುಗುಡಿ’ ಎಂದು ಹೆಸರಿಟ್ಟಿದ್ದ. ಕಿವಿಯ ಮೇಲಂಚಿಗೆ ಹಾಕುವ ಬುಗುಡಿಯ ಹಾಗೆಯೇ ಅದು ಕಾಣುತ್ತಿತ್ತು.

ಆ ಬುಗುಡಿ ಈಗ ತಾಯಿಯ ಸಾಲಿನಲ್ಲಿತ್ತು. ಅದರ ಪಕ್ಕದಲ್ಲಿ ಗಿಡ್ಡ ಕುತ್ತಿಗೆಯದೊಂದು. ಅದನ್ನೂ ಅವಳು ಬಲ್ಲಳು. ಮದುವೆಯಾದ ಹೊಸದರಲ್ಲಿ ಗಂಡ ಅಶೋಕನನ್ನು ಭಾನುವಾರ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ, ರಕ್ತ ತೆಗೆದು, “ನಿಮ್ಮ ತಂತೂಗೂ ನಿಮ್ಮಂಗ ಕುತ್ತಿಗಿ ಇಲ್ಲ ನೋಡ್ರಿ” ಎಂದು ಚೇಷ್ಟೆ ಮಾಡಿದ್ದಳು. ಅಶೋಕ ತೀರಿಕೊಂಡು ಆರು ವರ್ಷವಾಗಿತ್ತು. ಎರಡೂ ಒಟ್ಟಿಗೆ ಇದ್ದ ಮೇಲೆ ಈ ತಾಯಿ ಸಿಂಚನಾಳೇ.

ಮಗುವಿನ ಸಾಲು. ಒಂದು ತಂದೆಯದು. ಉಳಿದ ಎರಡು, ಬುಗುಡಿ ಮತ್ತು ಗಿಡ್ಡ ಕುತ್ತಿಗೆ. ಬೇರೆಯಾಗಬೇಕಿದ್ದ ಅವೆರಡೂ ಒಂದೇ ಕಡೆ ಹೋಗಿದ್ದವು. ಇಂಚರಾಳ ಮೈಯ ಒಂದೊಂದು ಕೋಶದಲ್ಲೂ ತಾನೂ ತನ್ನ ಗಂಡನೂ ಜೊತೆಗೆ ಕೂತಿದ್ದೇವೆ ಎಂದು ಶೈಲಜಾಳಿಗೆ ಅನಿಸಿತು, ಅನಿಸಿದ್ದೇ ಅಳು ಬಂತು. ಹನ್ನೊಂದು ವರ್ಷ ಇದನ್ನು ತಪ್ಪು ಎಂದು ಬರೆದವಳಿಗೆ ಅದು ತಪ್ಪಿನ ಹಾಗೆ ಕಾಣಲಿಲ್ಲ.

ಚಿತ್ರದ ಅಡಿಯಲ್ಲಿ ಇನ್ನೊಂದು ಸಾಲಿತ್ತು, ತಪ್ಪು ಯಾವ ಹೊತ್ತಿನದು ಎಂದು. ಅದನ್ನು ಪತ್ರದಲ್ಲಿ ಅಚ್ಚು ಹಾಕುವುದಿಲ್ಲ, ಜನರಿಗೆ ಗೊಂದಲವಾಗುತ್ತದಂತೆ. ಹೆಣ್ಣುಮಗುವಿನ ಅಂಡಾಣುಗಳು ತಯಾರಾಗುವುದು ಅದು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿ ನಾಲ್ಕೈದು ತಿಂಗಳಿದ್ದಾಗ. ಆಗಲೇ ತಂತುಗಳು ಜೋಡಿಜೋಡಿಯಾಗಿ ಹೆಣೆದುಕೊಂಡು ನಿಂತುಬಿಡುತ್ತವೆ. ಮುಂದೆ ಇಪ್ಪತ್ತೋ ಮೂವತ್ತೋ ವರ್ಷದ ಮೇಲೆ ಅಂಡಾಣು ಹಣ್ಣಾಗುವ ದಿನ ಬೇರೆಯಾಗಬೇಕು. ಈ ಜೋಡಿ ಆವತ್ತೇ ಸರಿಯಾಗಿ ಹೆಣೆದುಕೊಂಡಿರಲಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಅಂದರೆ ತಪ್ಪು ಆದಾಗ ಸಿಂಚನಾ ಹುಟ್ಟಿರಲೇ ಇಲ್ಲ. ಅದು ಆದದ್ದು ಶೈಲಜಾಳ ಹೊಟ್ಟೆಯಲ್ಲಿ.

ಅವಳು ನೆನಪು ಮಾಡಿಕೊಂಡಳು. ಬಸುರಿಯಾಗಿದ್ದ ಆ ತಿಂಗಳುಗಳಲ್ಲಿ ರಜೆ ಸಿಕ್ಕಿರಲಿಲ್ಲ. ಒಡೆಯುತ್ತಿರುವ ಕೋಶವನ್ನು ಅರ್ಧದಲ್ಲೇ ತಡೆದು ನಿಲ್ಲಿಸಲು ಕೋಲ್ಚಿಸಿನ್ ಎಂಬ ದ್ರಾವಣ ಹಾಕುತ್ತಾರೆ, ನಿಂತರೆ ತಾನೇ ತಂತು ಎಣಿಸಲು ಬರುವುದು. ಅದನ್ನು ಬರಿಗೈಯಲ್ಲಿ ಅಳೆದು ಹಾಕುತ್ತಿದ್ದಳು. ಕೈಗವಸು ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಅದರಿಂದಲೇ ಹೀಗಾಯಿತು ಎಂದು ಯಾರೂ ಹೇಳಲಾರರು, ಯಂತ್ರವೂ ಹೇಳುವುದಿಲ್ಲ. ಆಗಿಲ್ಲ ಎಂದೂ ಯಾರೂ ಹೇಳಲಾರರು. ಅದೇ ಸಂಕಟ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಸಂಬಂಧಿಕರದು ಎಂದು ತಿಳಿದರೆ ಮೇಲಿನವರಿಗೆ ಹೇಳಬೇಕು, ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಇಬ್ಬರು ಅಪರಿಚಿತರು ಅರೆಗಳಿಗೆಯಲ್ಲಿ ‘ತಾಯಿ’ ಒತ್ತುತ್ತಾರೆ. ಅವಳು ಎದ್ದು ಊಟಕ್ಕೆ ಮನೆಗೆ ಹೋದಳು. ಮನೆ ಹತ್ತು ನಿಮಿಷದ ದಾರಿ.

ಸಿಂಚನಾ ಅಡುಗೆಮನೆಯಲ್ಲಿ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅಳಿಯ ಬಸವಪ್ರಭು ಕೊಪ್ಪಳದ ಹತ್ತಿರ ಗಾಳಿಯಂತ್ರಗಳ ರೆಕ್ಕೆ ರಿಪೇರಿ ಮಾಡುವ ಕೆಲಸದಲ್ಲಿದ್ದ. ದಿನಾ ಫೋನ್ ಮಾಡುತ್ತಿದ್ದ. ಮಗು ಏನು ತಿಂದಿತು, ಎಷ್ಟು ಹೆಜ್ಜೆ ನಡೆಯಿತು ಎಂದು ಎಲ್ಲ ಕೇಳುತ್ತಿದ್ದ. ಕರೆದುಕೊಂಡು ಹೋಗಲು ಯಾವಾಗ ಬರುತ್ತೀರಿ ಎಂದರೆ ಮಾತ್ರ ಅವನದು ಒಂದೇ ಉತ್ತರ.

“ಪತ್ರ ಬರ್ಲಿ ಅಂತಾರವ್ವ,” ಎಂದಳು ಸಿಂಚನಾ ಫೋನ್ ಇಟ್ಟು. “ಅವರ ಮನಸಿನಾಗ ಏನೂ ಇಲ್ಲಂತ. ನಮ್ಮವ್ವ ಒಪ್ಪಬೇಕಲ್ಲ ಅಂತಾರ.”

“ನಿನಗ ಹೋಗೂದು ಐತೇನು?”

“ಐತಿ.” ಸಿಂಚನಾ ಎಣಗಾಯಿಯ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. “ಅವರು ಒಳ್ಳೇರದಾರ. ಆದ್ರ ನಾನು ಏನೋ ಮಾಡೇನಿ ಅಂತ ಮಂದಿ ನೋಡತಾರಲ್ಲ, ಅದು ಸಾಕಾಗೇತಿ. ಬಸುರಿದ್ದಾಗ ಪಪ್ಪಾಯಿ ತಿಂದಿದ್ದಿ ಏನು, ಗ್ರಹಣದಾಗ ಹೊರಗ ಬಂದಿದ್ದಿ ಏನು, ಎಷ್ಟು ಕೇಳತಾರ. ನನಗೂ ಒಮ್ಮೊಮ್ಮೆ ಹಂಗ ಅನಸ್ತೈತಿ, ಏನರ ಮಾಡಿರಬೇಕು ಅಂತ.”

ಶೈಲಜಾ ರೊಟ್ಟಿ ಮುರಿದಳು, ತಿನ್ನಲಾಗಲಿಲ್ಲ. ‘ನೀ ಏನೂ ಮಾಡಿಲ್ಲ, ಆವಾಗ ನೀ ಹುಟ್ಟಿದ್ದಿಲ್ಲ’ ಎಂದು ಹೇಳಬೇಕೆನಿಸಿತು. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ತಿರುಗಿ ಬಂದು ಕುರ್ಚಿಯಲ್ಲಿ ಕೂತಾಗ ಅವಳು ತೀರ್ಮಾನ ಮಾಡಿಯಾಗಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಸುಳ್ಳು ಬರೆದವಳಲ್ಲ, ಮಂದಿ ಕಾಲು ಹಿಡಿದರೂ ಬರೆದವಳಲ್ಲ. ಲೆಕ್ಕ ಸರಳವಾಗಿತ್ತು. ಬುಗುಡಿ ಅಷ್ಟು ದೊಡ್ಡದಿದೆ, ಫಕ್ಕೀರೇಶನ ಕಣ್ಣು ಎಷ್ಟೇ ಹೋಗಿದ್ದರೂ ಅದು ಕಾಣದೇ ಇರುವುದಿಲ್ಲ. ಅವನು ‘ತಾಯಿ’ ಎಂದು ಬರೆಯುತ್ತಾನೆ. ತಾನು ‘ತಂದೆ’ ಎಂದರೆ ಪತ್ರದಲ್ಲಿ ‘ತಿಳಿಯದು’ ಎಂದು ಬರುತ್ತದೆ. ಯಾರ ಕಡೆಯದೂ ಆಗುವುದಿಲ್ಲ, ಸುನಂದಾ ಬಾಯಿ ಮುಚ್ಚಿಕೊಂಡು ಸೊಸೆಯನ್ನು ಕರೆದುಕೊಂಡು ಹೋಗುತ್ತಾಳೆ. ‘ತಂದೆ’ ಎಂಬ ಚೌಕ ಒತ್ತಿದಳು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹಿಂದಿನ ದಿನದ ಪಟ್ಟಿ ತೆರೆದಳು. ನಾಲ್ಕನೇ ಸ್ಯಾಂಪಲ್ಲಿನ ಮುಂದೆ ‘ತಂದೆ’ ಎಂದಿತ್ತು. ಪತ್ರ ಹೊರಟುಹೋಗಿತ್ತು.

ಫಕ್ಕೀರೇಶ ಕ್ಯಾಂಟೀನಿನಲ್ಲಿ ಕೂತು ಚಹಾ ಬಸಿಗೆ ಸುರಿದುಕೊಂಡಿದ್ದ. ಶೈಲಜಾ ಎದುರಿಗೆ ಕೂತಳು. ಸ್ಯಾಂಪಲ್ ಬಗ್ಗೆ ಮಾತಾಡಬಾರದು ಎಂಬ ನಿಯಮವನ್ನು ಇಬ್ಬರೂ ಅಲ್ಲಿಯತನಕ ಮುರಿದಿರಲಿಲ್ಲ.

“ಅಣ್ಣಾರ, ನಿನ್ನೆ ನಾಕನೇದು ನೋಡಿದ್ರಿ?”

“ನೋಡಿದೆ.”

“ಬುಗುಡಿ ಕಾಣ್ತೇನ್ರಿ?”

“ಕಾಣದ ಏನು, ಹೆಸರಿಟ್ಟಾವ ನಾನ ಅಲ್ಲೇನ್ರಿ.” ಅವನು ಬಸಿ ಕೆಳಗಿಟ್ಟ. “ಅದು ನಿಮ್ಮ ಮೊಮ್ಮಗಳದು ಅಂತ ಗೊತ್ತಾತು. ಅದಕ್ಕ ‘ತಂದಿ’ ಅಂತ ಒತ್ತಿದೆ. ನೀವು ಖರೇ ಬರೀತೀರಿ, ಇಬ್ಬರದೂ ಬ್ಯಾರೆ ಬ್ಯಾರೆ ಆಗಿ ‘ತಿಳಿಯದು’ ಅಂತ ಬರ್ತೈತಿ ಅನಕೊಂಡೆ. ಶೈಲಕ್ಕಾರು ಹೊಟ್ಟೀಲೆ ಹುಟ್ಟಿದ ಮಗಳಿಗೂ ಸುಳ್ಳು ಬರಿಯಾಕಿ ಅಲ್ಲ ಅಂತ...” ಅವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ. “ಯಾಕ್ರಿ, ಏನಂತ ಬಂತು?”

“ತಂದಿ ಅಂತ.”

ಫಕ್ಕೀರೇಶ ನಗಲು ಶುರು ಮಾಡಿದ, ಸದ್ದಿಲ್ಲದ, ದಣಿದ ನಗೆ. ಶೈಲಜಾಳಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

“ನಿಮ್ಮ ಕಣ್ಣು ಹೋಗ್ಯಾವ ಅಂತ ತಿಳಕೊಂಡಿದ್ದೆ ನಾನು,” ಎಂದಳು. “ಇಷ್ಟು ವರ್ಷದ ‘ತಿಳಿಯದು’ ಎಲ್ಲಾ...”

“ಕಣ್ಣು ಚೊಲೋ ಅದಾವ್ರಿ.” ಅವನು ಒರಗಿ ಕೂತ. “ಮೊದಲ್ನೇ ವರ್ಷ ಒಬ್ಬಾಕಿ ಇಲ್ಲೇ, ಈ ಟೇಬಲಿಗೇ ಬಂದು ಕುಂತ್ಲು. ಕೈಯಾಗ ಪತ್ರ ಇತ್ತು. ‘ಅಣ್ಣಾರ, ಇದನ್ನ ತಗೊಂಡು ನಾ ಎಲ್ಲಿಗೆ ಹೋಗ್ಲಿ’ ಅಂತ ಕೇಳಿದ್ಲು, ಬಸ್ ಯಾವುದು ಅಂತ ಕೇಳಿದಂಗ. ಅದು ನಾ ಬರದ ಪತ್ರ.”

“ಯಾರಿಗೆ ಸುಳ್ಳು ಬರೀಬೇಕು ಅಂತ ಹೆಂಗ ಆರಿಸ್ತಿದ್ರಿ? ಬರೇ ನಂಬರ ಇರ್ತಾವಲ್ಲ.”

“ಆರಿಸ್ತಿರಲಿಲ್ಲ. ಮೈಯಾಗ ತ್ರಾಣ ಇದ್ದ ದಿನ ಖರೇ ಬರೀತಿದ್ದೆ. ದಣದಿದ್ದ ದಿನ ಸುಳ್ಳು ಬರೀತಿದ್ದೆ. ಇತ್ತಿತ್ಲಾಗ ದಿನಾ ದಣಿವ ಆಗೇತಿ.”

ಮೇಲಿನವರಿಗೆ ಹೇಳಿ ಪತ್ರ ರದ್ದು ಮಾಡಿಸಬಹುದಿತ್ತು. ಹೇಳಿದರೆ ಇಬ್ಬರ ಕೆಲಸ ಹೋಗುತ್ತಿತ್ತು, ಅದು ಹೋದರೆ ಹೋಗಲಿ. ಆದರೆ ವಿಚಾರಣೆ ಶುರುವಾದರೆ ಹನ್ನೊಂದು ವರ್ಷದ ‘ತಿಳಿಯದು’ ಪತ್ರಗಳನ್ನೆಲ್ಲ ಮತ್ತೆ ತೆಗೆಯುತ್ತಾರೆ, ಮತ್ತೆ ರಕ್ತ ಕೇಳುತ್ತಾರೆ. ಹೇಗೋ ಸಂಸಾರ ನಡೆಸಿಕೊಂಡು ಹೋಗುತ್ತಿದ್ದ ನೂರಾರು ಹೆಂಗಸರ ಮನೆಗೆ ಹೊಸ ಪತ್ರ ಹೋಗುತ್ತದೆ. ಇಬ್ಬರಿಗೂ ಇದು ಹೊಳೆಯಿತು.

“ಇನ್ನ ಮ್ಯಾಲೆ ಸುಳ್ಳು ಯಾರು ಬರೀಬೇಕು ಅ‌ನ್ನೂದನ್ನ ಮೊದಲ ಮಾತಾಡ್ಕೊಳ್ಳೂಣ್ರಿ,” ಎಂದ ಫಕ್ಕೀರೇಶ ಏಳುತ್ತ.

ಭಾನುವಾರ ಬೆಳಿಗ್ಗೆ ಸುನಂದಾ, ಬಸವಪ್ರಭು ಇಬ್ಬರೂ ಗದಗಿಗೆ ಬಂದರು. ಸುನಂದಾಳ ಕೈಯಲ್ಲಿ ಖಣ, ಕಾಯಿ, ಮಗುವಿಗೊಂದು ಫ್ರಾಕು. ಚಪ್ಪಲಿ ಬಿಡುವಾಗಲೇ ಮಾತು ಶುರುವಾಯಿತು.

“ಏನ್ ಮಾಡೂದ್ರಿ ಬೀಗರ, ಇದು ಯಾರ ಕೈಯಾಗ ಐತಿ. ಮನಷ್ಯಾ ಬೇಕಂತ ಮಾಡ್ತಾನೇನ್ರಿ? ಕೋಶ ಒಡಿಯೂ ಮುಂದ ಹಿಂಗ ಆಗ್ತೈತಂತ, ಆಸ್ಪತ್ರ್ಯಾಗ ಡಾಕ್ಟರ ಅವಾಗ ಹೇಳಿದ್ರು, ನನಗ ತಿಳೀಲಿಲ್ಲ. ಯಾರ್ದೂ ತಪ್ಪಲ್ಲಂತ. ಹಂಗಂತ ಮಗನ್ನ ಬೈಯಾಕ ಆಗ್ತೈತೇನ್ರಿ? ಸಿಂಚನಾ, ಬಟ್ಟಿ ಕಟ್ಕೋ ತಂಗಿ, ಮಧ್ಯಾಹ್ನದ ಗಾಡಿಗೆ ಹೋಗೂಣು.”

ಹನ್ನೊಂದು ವರ್ಷದಿಂದ ಶೈಲಜಾ ಜನರಿಗೆ ಹೇಳುತ್ತ ಬಂದ ಮಾತೇ ಇದು. ಯಾವ ಅತ್ತೆಯ ತಲೆಗೂ ಇಳಿಯದಿದ್ದದ್ದು ಇಲ್ಲಿ ಮೂರು ದಿನದಲ್ಲಿ ಇಳಿದಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು, ಸುಸ್ತಾಯಿತು ಅಷ್ಟೇ. ಸಿಂಚನಾ ಅತ್ತೆಯ ಮುಖವನ್ನು ಒಂದು ಕ್ಷಣ ನೋಡಿ ಅಡುಗೆಮನೆಗೆ ಹೋದಳು.

ಬಸವಪ್ರಭು ಬಾಗಿಲ ಬಳಿಯೇ ಕೂತಿದ್ದ. ಇಂಚರಾ ತಟ್ಟಾಡುತ್ತ ಹೋಗಿ ಅವನ ತೊಡೆ ಹಿಡಿದುಕೊಂಡಳು. ಅವನು ಎತ್ತಿಕೊಳ್ಳಲಿಲ್ಲ. ಆ ಕೈಗಳನ್ನು ಮೆಲ್ಲಗೆ ಬಿಡಿಸಿ, ಎದ್ದು ಹಿತ್ತಲಿಗೆ ಹೋದ. ಶೈಲಜಾ ಹಿಂದೆಯೇ ಹೋದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ.

“ಅತ್ತಿ, ನೀವು ಇದರಾಗ ತಿಳಿದವರು,” ಎಂದ. “ರೆಕ್ಕಿಗೆ ಹಚ್ಚು ಅಂಟು ಇರ್ತೈತಿ, ಅದರ ವಾಸನಿ ಭಾಳ. ಎಂಟು ವರ್ಷ ಕುಡದೇನಿ ಅದನ್ನ. ಅದರಿಂದ ಆಗಿರಬೇಕು ಹೌದಿಲ್ರಿ? ಮಾಸ್ಕ ಹಾಕೊಂಡಿದ್ರ ಆಗ್ತಿರಲಿಲ್ಲೇನ್ರಿ? ಆ ಕೂಸಿನ ಎದಿ ಸೀಳಿದ್ರಲ್ರಿ ಅತ್ತಿ, ಅದು ನನ್ನಿಂದ ಅಂದ್ರ...”

ಈ ಮುಖವನ್ನು ಶೈಲಜಾ ಬಲ್ಲಳು. ಕೇಂದ್ರದ ಬೆಂಚಿನ ಮೇಲೆ ಇದನ್ನು ಸಾವಿರ ಸಲ ನೋಡಿದ್ದಳು. ಅಲ್ಲೆಲ್ಲ ಅದು ಹೆಂಗಸರ ಮುಖವಾಗಿರುತ್ತಿತ್ತು. ಸುಮ್ಮನಿದ್ದರೆ ಮಗಳ ಸಂಸಾರ ಉಳಿಯುತ್ತದೆ, ಇವನು ಸಾಯುವವರೆಗೆ ಇದನ್ನು ಹೊತ್ತುಕೊಂಡು ತಿರುಗುತ್ತಾನೆ. ಹೇಳಿದರೆ ಇವನು ಹಗುರಾಗುತ್ತಾನೆ, ಆಮೇಲೆ ಮಗಳ ಗತಿ ಇವನ ಕೈಯಲ್ಲಿ. ಅವಳಿಗೆ ಸಾಕಾಗಿಹೋಗಿತ್ತು. ಇನ್ನೊಬ್ಬರ ಮೇಲೆ ಹೊರಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ನಿಮ್ಮಿಂದ ಅಲ್ರಿ,” ಎಂದಳು. “ಆ ಪತ್ರ ಸುಳ್ಳು. ಬರದಾಕಿ ನಾನ.”

ಎಲ್ಲವನ್ನೂ ಹೇಳಿದಳು. ಬುಗುಡಿ, ಗಿಡ್ಡ ಕುತ್ತಿಗೆ, ಫಕ್ಕೀರೇಶ, ಬರಿಗೈಯಲ್ಲಿ ಅಳೆದ ದ್ರಾವಣ. “ಸಿಂಚನಾಂದೂ ತಪ್ಪಲ್ಲ. ಆಕಿ ಆವಾಗ ಐದು ತಿಂಗಳ ಪಿಂಡ. ಆದದ್ದು ನನ್ನ ಹೊಟ್ಟ್ಯಾಗ. ಯಾರದರ ಕಡೀದು ಅಂತ ಅನಬೇಕಾಗಿದ್ರ, ನನ್ನ ಕಡೀದು ಅನ್ರಿ.”

ಬಸವಪ್ರಭು ಎದ್ದು ನಿಂತ. ಅವನ ಮುಖಕ್ಕೆ ರಕ್ತ ಏರಿತ್ತು. “ಮೂರು ದಿನ ಆತು ನಾ ಊಟ ಮಾಡಿ. ಮೊದಲ ನನ್ನ ಕರದು ಹೇಳಬಾರದಿತ್ತೇನ್ರಿ? ‘ತಾಯಿ’ ಅಂತ ಬಂದಿದ್ರ ನಾ ಆಕೀನ್ನ ಬಿಟ್ಟುಬಿಡ್ತಿದ್ದೆ ಅಂತ ತಿಳಕೊಂಡಿದ್ರೇನು?”

“ಗೊತ್ತಿರಲಿಲ್ರಿ. ಅದಕ್ಕ ಸುಳ್ಳು ಬರದೆ.”

ಅವನು ಮತ್ತೆ ಕಲ್ಲಿನ ಮೇಲೆ ಕೂತು ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ.

“ನನಗೂ ಗೊತ್ತಿರಲಿಲ್ರಿ ಅತ್ತಿ,” ಎಂದ.

ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆದಿತ್ತು. ಸಿಂಚನಾ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಮೊದಲು ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ಶೈಲಜಾಳಿಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿದಳು.

“ನಾ ಇವತ್ತ ಬರಂಗಿಲ್ಲ,” ಎಂದಳು. “ಅತ್ತೀನ್ನ ಕರಕೊಂಡು ಹೋಗ್ರಿ. ಏನು ಹೇಳಬೇಕೋ, ಬಿಡಬೇಕೋ, ಅದು ನಿಮಗ ಬಿಟ್ಟದ್ದು. ಈಗ ನಿಮಗ ಎಲ್ಲಾ ಗೊತ್ತಾತಲ್ಲ. ಇದನ್ನ ತಿಳಕೊಂಡು ನನ್ನ ಕರಿಯಾಕ ಬರೂದಿದ್ರ ಬರ್ರಿ. ಆ ಪತ್ರ ತರಬ್ಯಾಡ್ರಿ.”

ಸುನಂದಾಳಿಗೆ ಸೊಸೆಗೆ ಜ್ವರ ಎಂದು ಹೇಳಿದರು. ಖಣ, ಕಾಯಿ ಟೇಬಲ್ಲಿನ ಮೇಲೇ ಉಳಿದವು.

ಆ ರಾತ್ರಿ ಸಿಂಚನಾ ತಾಯಿಯ ಜೊತೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಚಹಾ ಕೊಡುವಾಗ, “ಕೈಗವಸು ಕೊಡಂಗಿಲ್ಲ ಅಂದ್ರ ಕೆಲಸ ಮಾಡಂಗಿಲ್ಲ ಅನಬೇಕಿತ್ತಿಲ್ಲವ್ವ,” ಎಂದಳು. ಸಿಟ್ಟಿನಿಂದೇನಲ್ಲ. ಶೈಲಜಾ ಹೂಂ ಎಂದಳು. ಮಂಗಳವಾರ ಫೋನ್ ಬರಲಿಲ್ಲ. ಬುಧವಾರವೂ ಬರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಬಸವಪ್ರಭು ಮಗು ಎಷ್ಟು ಹೆಜ್ಜೆ ನಡೆಯಿತೆಂದು ಕೇಳಲಿಲ್ಲ. ತಾನು ಹೇಳಬಾರದಿತ್ತು ಎಂದು ಶೈಲಜಾ ಪರದೆಯ ಮುಂದೆ ಕೂತು ನೂರು ಸಲ ಅಂದುಕೊಂಡಳು. ಗುರುವಾರ ಐದು ಸ್ಯಾಂಪಲ್ ಬಂದವು, ಐದೂ ತಾಯಿಯವು. ಗೋಡೆಯಾಚೆ ಫಕ್ಕೀರೇಶ ಒಮ್ಮೆ ಕೆಮ್ಮಿದ. ಅವಳು ಯಾವುದನ್ನು ಏನೆಂದು ಒತ್ತಿದಳೋ ಇಲ್ಲಿ ಬರೆಯುವುದು ಬೇಡ.

ಶುಕ್ರವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಾಗ ಬಸವಪ್ರಭು ಅಂಗಳದಲ್ಲಿ ನಿಂತಿದ್ದ, ಕೆಲಸದ ಬಟ್ಟೆಯಲ್ಲೇ. ಕೈಯಲ್ಲಿ ಏನೂ ಇರಲಿಲ್ಲ. ಸಿಂಚನಾ ಹೊಸ್ತಿಲ ಒಳಗೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಒಳಗೆ ಬನ್ನಿ ಎಂದು ಅವಳು ಇನ್ನೂ ಹೇಳಿರಲಿಲ್ಲ.

“ಅವ್ವಗ ಹೇಳಿದೆ,” ಎಂದ ಅವನು. “ಪತ್ರದ ಸುದ್ದಿ ಹೇಳಲಿಲ್ಲ, ಅದು ಅತ್ತೀ ಕೆಲಸದ್ದು. ಪತ್ರದಾಗ ಏನ ಇದ್ರೂ ಸಿಂಚನಾನ್ನ ಕರಕೊಂಡು ಬರ್ತಿದ್ದೆ ಅಂತ ಹೇಳಿದೆ. ಅವ್ವ ಎರಡು ದಿನ ಮಾತು ಬಿಟ್ಟಾಳ.”

“ಖರೇನ ಬರ್ತಿದ್ರೇನು?” ಎಂದಳು ಸಿಂಚನಾ.

ಶೈಲಜಾ ಗೇಟಿನ ಬಳಿಯೇ ನಿಂತುಬಿಟ್ಟಳು. ಹೌದು ಎಂದು ಹೇಳಿಬಿಡಲಿ ಎಂದು ಅವಳ ಜೀವ ಹಾತೊರೆಯಿತು.

“ಗೊತ್ತಿಲ್ಲ,” ಎಂದ. “ಈಗ ಬಂದೇನಿ.”

ಸಿಂಚನಾ ಅವನನ್ನು ನೋಡುತ್ತಲೇ ಇದ್ದಳು. ಆಮೇಲೆ ಹೊಸ್ತಿಲು ದಾಟಿ ಬಂದು ಮಗುವನ್ನು ಅವನ ಕೈಗೆ ಕೊಟ್ಟು, ಬಟ್ಟೆ ಕಟ್ಟಿಕೊಳ್ಳಲು ಒಳಗೆ ಹೋದಳು.